ಟೊಮೇಟೊ ಗಿಡಕ್ಕೆ ಔಷಧಿ: ಎಲ್ಲಿ ಬೇಕು, ಎಲ್ಲಿ ಬೇಡ

ಹಿತ್ತಿಲಿನಲ್ಲಿ ನಾಲ್ಕಾರು ಟೊಮೇಟೊ ಗಿಡಗಳನ್ನು ಬೆಳೆಸುವವರಿಗೆಲ್ಲ ಒಂದು ಸಂದೇಹವುಂಟು. ಎಲೆಯ ಮೇಲೆ ಚುಕ್ಕೆ ಕಂಡೊಡನೆ ಔಷಧಿಯನ್ನು ಸಿಂಪಡಿಸಬೇಕೆ? ಸಿಂಪಡಿಸಿದರೆ ಮಕ್ಕಳು ತಿನ್ನುವ ಹಣ್ಣಿಗೆ ಅಂಟೀತು. ಬಿಟ್ಟರೆ ಗಿಡವೇ ಹೋದೀತು. ಇದನ್ನು ನಾವಿರುವ ಊರಿನ ಹವೆಯನ್ನು ನೋಡಿ ನಿರ್ಧರಿಸಬೇಕು.

ನಾವು ಬಹುವಾಗಿ ಅಂಜಬೇಕಾದುದು ಅಂಗಮಾರಿಗೆ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಯಿಸಿ ಆ ದೇಶವನ್ನು ಘೋರ ಕ್ಷಾಮಕ್ಕೆ ನೂಕಿದ ರೋಗಾಣುವೇ ಇದಕ್ಕೂ ಕಾರಣ. ಹವೆ 15ರಿಂದ 22 ಡಿಗ್ರಿ ಸೆಂಟಿಗ್ರೇಡಿನಷ್ಟು ತಂಪಾಗಿದ್ದು, ರಾತ್ರಿಯೆಲ್ಲ ಎಲೆ ಒದ್ದೆಯಾಗಿದ್ದರೆ, ಹಸುರು ಗಿಡವು ಕೆಲವೇ ದಿನಗಳಲ್ಲಿ ಸುಟ್ಟಂತಾಗುವುದು. 30 ಡಿಗ್ರಿಯನ್ನು ಮೀರಿದ ಒಣ ಬಿಸಿಲಿನಲ್ಲಿ ಅದರ ಆಟ ನಡೆಯದು.

ಆದುದರಿಂದ ಬಳ್ಳಾರಿಯ ಬೇಸಗೆಯಲ್ಲಿ ಅಂಗಮಾರಿಗೆಂದು ಸಿಂಪಡಿಸುವುದು ಬರಿಯ ದಂಡ. ಅಲ್ಲಿ ಎಲೆ ಮುಟುರಿಕೊಂಡರೆ ಅದು ಬಿಳಿನೊಣವು ಹರಡುವ ಬೇರೆಯ ರೋಗ. ತಾಮ್ರದ ಔಷಧಿಗೆ ಜಗ್ಗುವುದಿಲ್ಲ. ಅಂತಹ ಗಿಡವನ್ನು ಕಿತ್ತುಹಾಕುವುದೇ ಲೇಸು. ಸೆಕೆಯೂ ತೇವವೂ ಕೂಡಿರುವ ಮಂಗಳೂರಿನ ಕಡೆ, ಹಸುರಾಗಿದ್ದ ಗಿಡವು ಹಠಾತ್ತಾಗಿ ಬಾಡಿದರೆ, ಅದರ ಕಾಂಡವನ್ನು ಕೊಯ್ದು ಗಾಜಿನ ಲೋಟದ ನೀರಿನಲ್ಲಿ ಹಿಡಿದು ನೋಡಬೇಕು. ಹಾಲಿನಂತಹ ಎಳೆ ಇಳಿದುಬಂದರೆ ರೋಗವು ಮಣ್ಣಿನಿಂದ ಬಂದುದೆಂದು ತಿಳಿಯಬಹುದು. ಎಲೆಗೆ ಸಿಂಪಡಿಸಿ ಫಲವೇನು?

ಬೆಂಗಳೂರಿನ ಮಳೆಗಾಲದ, ಮಡಿಕೇರಿಯ ಮಂಜಿನ ಮಾತು ಬೇರೆ. ಜಡಿಮಳೆಯ ಸೂಚನೆ ಕಂಡರೆ, ಚುಕ್ಕೆಗಾಗಿ ಕಾಯದೆ ಸಿಂಪಡಿಸಬೇಕು. ತಾಮ್ರವು ಎಲೆಯ ಮೇಲೆ ಕಾವಲು ನಿಲ್ಲಬಲ್ಲುದೇ ಹೊರತು ಒಳಹೊಕ್ಕ ರೋಗವನ್ನು ಹೊರದೂಡಲಾರದು. ನಮ್ಮ ಮಲೆನಾಡಿನ ಅಡಕೆ ತೋಟದವರು ಇದನ್ನು ಚೆನ್ನಾಗಿ ಬಲ್ಲರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ನರು ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಮಳೆ ಬಲಿಯುವ ಮುಂಚೆಯೇ ಮರ ಹತ್ತಿ ಗೊನೆಗಳಿಗೆ ಹೊಡೆಯುವುದು ಇಂದಿಗೂ ಅಲ್ಲಿಯ ವಾಡಿಕೆ. ಕೊಳೆರೋಗದ ಅಣುವೂ ಅಂಗಮಾರಿಯ ಅಣುವೂ ದಾಯಾದಿಗಳೆಂಬುದನ್ನು ಇಲ್ಲಿ ನೆನೆಯಬಹುದು.

ದ್ರಾವಣವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. 100 ಗ್ರಾಂ ಮೈಲುತುತ್ತವನ್ನು 5 ಲೀಟರು ನೀರಿನಲ್ಲಿಯೂ, ಅಷ್ಟೇ ಒಳ್ಳೆಯ ಸುಣ್ಣವನ್ನು ಮತ್ತೆ 5 ಲೀಟರಿನಲ್ಲಿಯೂ ಕದಡಿ, ಮೊದಲನೆಯದನ್ನು ಎರಡನೆಯದಕ್ಕೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಬೆಳಗುವ ಚಾಕುವನ್ನು ಅದ್ದಿದಾಗ ಕೆಂಪು ಕಟ್ಟಿದರೆ ಸುಣ್ಣ ಸಾಲದೆಂದು ಅರ್ಥ; ಇನ್ನಷ್ಟು ಬೆರೆಸಬೇಕು, ಇಲ್ಲದಿದ್ದರೆ ಎಲೆ ಸುಡುವುದು. ಕಲಸಿದ ದಿನವೇ ಮುಗಿಸಬೇಕು. ಸಿಂಪಡಿಸಿದ ಗಿಡದ ಹಣ್ಣನ್ನು ಕೆಲವು ದಿನ ಕೀಳದೆ, ಬಳಿಕ ಚೆನ್ನಾಗಿ ಉಜ್ಜಿ ತೊಳೆದು ಬಳಸತಕ್ಕದ್ದು.