ಪ್ರತಿಯ ಪುಣ್ಯ, ಪ್ರತಿಯ ಪಾಪ



ಕೆಲವು ವರ್ಷಗಳ ಹಿಂದೆ ನನ್ನ ವಿಮರ್ಶಾ ಲೇಖನಗಳ ಪುಸ್ತಕವೊಂದು ಪ್ರಕಟವಾಯಿತು. ಆಳಂದದ ಕೆಲವು ವಿದ್ಯಾರ್ಥಿಗಳು ಅದನ್ನು ಇಡಿಯಾಗಿ ಝೆರಾಕ್ಸ್ ಮಾಡಿಸಿಕೊಂಡರೆಂದು ಕೇಳಿ ನಾನು ಸಿಟ್ಟಾಗಿದ್ದೆ. ಅದೇ ಸಿಟ್ಟನ್ನು ಪುಸ್ತಕದ ಅಕ್ಷರ ಜೋಡಿಸಿದ ಹುಡುಗನ ಮುಂದೆಯೂ ತೋಡಿಕೊಂಡೆ. ಆತ ನಕ್ಕು, "ಸರ್, ನಿಮ್ಮ ಪುಸ್ತಕ ಮಾಡಿದ ಸಾಫ್ಟ್‌ವೇರೂ ರೊಕ್ಕ ಕೊಟ್ಟು ತಂದದ್ದಲ್ರಿ, ಲಾಕ್ ಮುರಿದ ಕಾಪಿ" ಎಂದ. ನನ್ನ ಬಾಯಿ ಕಟ್ಟಿಹೋಯಿತು.

ಆಳಂದ, ಅಫಜಲಪುರ, ಜೇವರ್ಗಿಯಂತಹ ಊರುಗಳಲ್ಲಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರಗಳನ್ನು ಸಿದ್ಧಪಡಿಸಿ ಬದುಕುವ ಸಣ್ಣ ಅಂಗಡಿಯವನಿಗೆ ತಂತ್ರಾಂಶದ ಬೆಲೆ ಹೊರೆಯೆಂಬುದು ನಿಜ. ಹಗೇವಿನಿಂದ ಜೋಳ ಕದ್ದರೆ ಹಗೇವು ಬರಿದಾಗುತ್ತದೆ. ತಂತ್ರಾಂಶವನ್ನು ನಕಲು ಮಾಡಿದರೆ ಮೂಲ ಹಾಗೆಯೇ ಉಳಿಯುತ್ತದಲ್ಲ ಎಂಬುದು ಅವನ ಸಮಾಧಾನ. ಆದರೆ ನನ್ನ ಪುಸ್ತಕವನ್ನು ನಕಲು ಮಾಡಿದ ವಿದ್ಯಾರ್ಥಿಗಳೂ ಇದೇ ಮಾತನ್ನು ಹೇಳಬಹುದಿತ್ತು. 1984ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾನೂನು ಗಣಕದ ಕ್ರಮವಿಧಿಯನ್ನೂ ಸಾಹಿತ್ಯಕೃತಿಯೆಂದೇ ಎಣಿಸುತ್ತದೆ. ಬರೆದವನ ಶ್ರಮ ಎರಡು ಕಡೆಯೂ ಒಂದೇ.

ಹಾಗೆಂದು ಪ್ರತಿ ಮಾಡುವುದೇ ಪಾಪವಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನ ಮಾಡಿದಳು. ಅಲ್ಲಿ ವೆಚ್ಚ ಆಕೆಯದು, ಕೀರ್ತಿ ಕವಿಯದು. ನಮ್ಮ ಕಾಲದಲ್ಲಿಯೂ ಇಂಥ ಔದಾರ್ಯವುಂಟು. ಕೆ. ಪಿ. ರಾವ್ ಅವರು ತಾವು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ' ಹಲವು ವರ್ಷ ಉಚಿತವಾಗಿಯೇ ದೊರೆಯಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಹಾಗೆಯೇ ಬಂದಿತು. ಕೊಟ್ಟವರಿಂದ ಪಡೆಯುವುದು ದಾನ. ಕೊಡದವರಿಂದ ಎತ್ತಿಕೊಳ್ಳುವುದಕ್ಕೆ ಬೇರೆ ಹೆಸರುಂಟು.

ಬೀಗ ಹಾಕುವವರಿಗೂ ಒಂದು ಮಾತು ಸಲ್ಲುತ್ತದೆ. ಹಣ ತೆತ್ತು ಕೊಂಡವನ ಗಣಕದ ಹಿಂಬದಿಗೆ ಸಿಕ್ಕಿಸುವ ಡಾಂಗಲ್ ಎಂಬ ಸಾಧನ ಕೆಟ್ಟರೆ, ಅವನು ವರ್ಷಗಟ್ಟಲೆ ಜೋಡಿಸಿದ ಪುಟಗಳು ಅವನಿಗೇ ತೆರೆಯವು. ಇದೂ ಅನ್ಯಾಯವೇ. ಕಾನೂನು ಈ ಭೇದವನ್ನು ಅರಿತಿದೆ. ನ್ಯಾಯವಾಗಿ ಪಡೆದವನು ನಷ್ಟದ ಭಯಕ್ಕೆ ಕಾಪಿಟ್ಟುಕೊಳ್ಳುವ ಪ್ರತಿಯನ್ನು ಅದು ಒಪ್ಪುತ್ತದೆ. 2012ರ ತಿದ್ದುಪಡಿ ಬೀಗ ಮುರಿಯುವುದಕ್ಕೆ 2 ವರ್ಷಗಳವರೆಗೆ ಸೆರೆವಾಸ ವಿಧಿಸುವುದು, ಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶವಿದ್ದಾಗ ಮಾತ್ರ. ಕೀಲಿಕೈ ಕಳೆದು ತನ್ನ ಮನೆಯ ಬೀಗ ಒಡೆಯುವವನೂ ನೆರೆಮನೆಯ ಬೀಗ ಒಡೆಯುವವನೂ ಒಂದೇ ಅಲ್ಲ.

ನನ್ನ ಪುಸ್ತಕದ ಎರಡನೆಯ ಮುದ್ರಣಕ್ಕೆ ಯುನಿಕೋಡ್ ಅಕ್ಷರಗಳನ್ನೂ ಮುಕ್ತ ತಂತ್ರಾಂಶವನ್ನೂ ಬಳಸಬೇಕೆಂದು ಆ ಹುಡುಗನನ್ನು ಕೇಳಿಕೊಂಡೆ. ಒತ್ತಕ್ಷರಗಳು ತೊಡಕು ಕೊಟ್ಟವು, ಕೆಲಸ ಎರಡು ತಿಂಗಳು ತಡವಾಯಿತು. ಆ ದುಡಿಮೆಯ ಹೆಚ್ಚಿನ ಹಣವನ್ನು ನಾನೇ ಕೊಟ್ಟೆ. ಆಳಂದದ ವಿದ್ಯಾರ್ಥಿಗಳನ್ನು ಮಾತ್ರ ಬಯ್ಯಲಿಲ್ಲ. ಅವರ ಗ್ರಂಥಾಲಯಕ್ಕೆ ನಾಲ್ಕು ಪ್ರತಿಗಳನ್ನು ಕಳುಹಿಸಿದೆ. ಬಯ್ಯುವ ಅಧಿಕಾರವನ್ನು ಮೊದಲ ಮುದ್ರಣದಲ್ಲಿಯೇ ಕಳೆದುಕೊಂಡಿದ್ದೆನಷ್ಟೆ.