ತೆರೆ ಪುಕ್ಕಟೆ, ತೆರೆ ಹಿಡಿಯುವ ಯಂತ್ರ ಪುಕ್ಕಟೆಯಲ್ಲ

(ಗಿರಣಿ ಕೆಲಸಗಾರರ ಓದುಕೋಣೆಯಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಕಳೆದ ವಾರ ಪೇಟೆಬೀದಿಯ ಕಿರಾಣಿ ಅಂಗಡಿಯ ಮಿತ್ರರೊಬ್ಬರು ನನ್ನನ್ನು ತಡೆದು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. "ಮೇಷ್ಟ್ರೇ, ಕಲ್ಲಿದ್ದಲಿಗೆ ದುಡ್ಡು ಕೊಡಬೇಕು, ಎಣ್ಣೆಗೆ ದುಡ್ಡು ಕೊಡಬೇಕು. ಸಮುದ್ರದ ತೆರೆಗೆ ಯಾರೂ ಬಿಲ್ಲು ಕಳಿಸುವುದಿಲ್ಲವಷ್ಟೆ? ಆ ತೆರೆಯಿಂದ ಕರೆಂಟು ತೆಗೆಯುವ ಯಂತ್ರ ಬಂದಿದೆ ಎನ್ನುತ್ತಾರೆ. ಹಾಗಿದ್ದರೆ ನಮ್ಮ ಅಂಗಡಿಯ ಬಿಲ್ಲು ಏಕೆ ಇಳಿಯುವುದಿಲ್ಲ?" ಕಟ್ಟೆಯ ಮೇಲೆ ನಿಂತು ಎರಡು ಮಾತಿನಲ್ಲಿ ಮುಗಿಸುವ ಪ್ರಶ್ನೆ ಅದಲ್ಲ. ಭಾನುವಾರ ಬನ್ನಿ, ಎಲ್ಲರೆದುರಿಗೆ ಹೇಳುತ್ತೇನೆ ಎಂದೆ. ಅವರು ಬಂದು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಆದುದರಿಂದ ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ.

ನಾನು ಎಂಜಿನಿಯರನಲ್ಲ. ಮೆಟ್ರಿಕ್ ಮುಗಿಸಿ ಮಕ್ಕಳಿಗೆ ಪಾಠ ಹೇಳಿದವನು. ಮಕ್ಕಳಿಗೆ ಹೇಳುತ್ತಿದ್ದ ರೀತಿಯಲ್ಲೇ ನಿಮಗೂ ಹೇಳುತ್ತೇನೆ. ಒಂದು ತೊಟ್ಟಿಯ ನೀರಿನ ನಡುವೆ ಬೆಂಡಿನ ಚೂರೊಂದನ್ನು ತೇಲಿಬಿಡಿ. ಪಕ್ಕದಲ್ಲಿ ಒಂದು ಕಲ್ಲು ಹಾಕಿ. ಅಲೆ ಹೊರಟು ತೊಟ್ಟಿಯ ಅಂಚಿಗೆ ಹೋಗಿ ಮುಟ್ಟುತ್ತದೆ. ಬೆಂಡು ಹೋಯಿತೇ? ಇಲ್ಲ. ಇದ್ದಲ್ಲಿಯೇ ಏರಿತು, ಇಳಿಯಿತು. ಜೋಳದ ಹೊಲದ ಮೇಲೆ ಗಾಳಿ ಹಾಯ್ದಾಗ ತೆನೆಗಳ ಮೇಲೆ ಅಲೆ ಓಡುತ್ತದೆ. ಜೋಳ ಮಾತ್ರ ಹೊಲದಲ್ಲೇ ಇರುತ್ತದೆ. ಸಮುದ್ರವೂ ಹಾಗೆಯೇ. ನಡುಗಡಲಿನಲ್ಲಿ ತೆರೆ ಬಂದಾಗ ನೀರು ಮುಂದಕ್ಕೆ ಪಯಣ ಮಾಡುವುದಿಲ್ಲ, ಇದ್ದಲ್ಲಿಯೇ ಸುತ್ತು ಹಾಕುತ್ತದೆ. ಪಯಣ ಮಾಡುವುದು ಶಕ್ತಿ. ಸೂರ್ಯ ಕಾಯಿಸಿದ್ದರಿಂದ ಗಾಳಿ ಎದ್ದಿತು, ಗಾಳಿ ನೀರನ್ನು ತಳ್ಳಿದ್ದರಿಂದ ತೆರೆ ಎದ್ದಿತು. ಸಾವಿರಾರು ಮೈಲಿ ದೂರದ ಗಾಳಿಯ ದುಡಿಮೆ ನಮ್ಮ ದಡಕ್ಕೆ ಬಂದು ಸುಮ್ಮನೆ ನೊರೆಯಾಗಿ ಹೋಗುತ್ತದೆ.

ಆ ಬೆಂಡು ಏರುವಾಗ ಇಳಿಯುವಾಗ ಅದಕ್ಕೊಂದು ಸಲಾಕೆ ಕಟ್ಟಿ ಪಂಪು ಒತ್ತಿಸಿದರೆ ಹೇಗೆ? ವಿಷಯವೆಲ್ಲಾ ಇಷ್ಟೇ. ಈ ಯೋಚನೆ ಹೊಸದಲ್ಲ. 1799ರಲ್ಲೇ ಪ್ಯಾರಿಸಿನಲ್ಲಿ ಗಿರಾರ್ ಎಂಬ ತಂದೆ ಮಗ ಇದಕ್ಕೆ ಪೇಟೆಂಟ್ ಪಡೆದಿದ್ದರು. ಇನ್ನೂರಕ್ಕೂ ಹೆಚ್ಚು ವರ್ಷವಾಯಿತು. ಆದರೂ ನಮ್ಮ ಮಿತ್ರರ ಅಂಗಡಿಗೆ ಆ ಕರೆಂಟು ಬಂದಿಲ್ಲ. ಏಕೆ?

ಮೊದಲು ಶಕ್ತಿ ಎಷ್ಟಿದೆ ನೋಡೋಣ. ಸುಮಾರು ಎರಡು ಮೀಟರ್ ಎತ್ತರದ, ಎಂಟು ಸೆಕೆಂಡಿಗೊಂದು ಬರುವ ತೆರೆಗಳಿರುವ ಸಮುದ್ರದಲ್ಲಿ, ತೆರೆಯ ಸಾಲಿನ ಒಂದೊಂದು ಮೀಟರ್ ಅಗಲದಲ್ಲಿಯೂ ಹತ್ತಿರ ಹತ್ತಿರ 16 ಕಿಲೋವ್ಯಾಟ್ ಶಕ್ತಿ ಇರುತ್ತದೆ. ಅಂದರೆ ಹತ್ತು ಅಶ್ವಶಕ್ತಿಯ ಎರಡು ಪಂಪ್‌ಸೆಟ್ಟು. ಒಂದು ಮೀಟರ್ ಎಂದರೆ ಈ ಮೇಜಿನಷ್ಟು ಅಗಲ. ಸಮುದ್ರ ಸಾಹುಕಾರನೆಂಬುದರಲ್ಲಿ ಸಂಶಯವಿಲ್ಲ.

ಆದರೆ ಈ ಸಾಹುಕಾರನ ಸ್ವಭಾವ ಕೇಳಿ. ತೆರೆಯ ಎತ್ತರ ಎರಡು ಪಾಲಾದರೆ ಶಕ್ತಿ ನಾಲ್ಕು ಪಾಲಾಗುತ್ತದೆ. ಎತ್ತರ ನಾಲ್ಕು ಪಾಲಾದರೆ ಶಕ್ತಿ ಹದಿನಾರು ಪಾಲು. ಬಿರುಗಾಳಿಯಲ್ಲಿ ಎಂಟು ಮೀಟರ್ ತೆರೆ, ಹನ್ನೆರಡು ಸೆಕೆಂಡಿಗೊಂದರಂತೆ ಬಂತೆನ್ನಿ. ಅದೇ ಮೇಜಿನಗಲದಲ್ಲಿ 16ರ ಬದಲು ಸುಮಾರು 380 ಕಿಲೋವ್ಯಾಟ್ ಬಂದು ಬಡಿಯುತ್ತದೆ. ಯಂತ್ರ ಸಂಪಾದಿಸುವುದು ಎರಡು ಮೀಟರಿನ ತೆರೆಯಲ್ಲಿ, ಬದುಕಿ ಉಳಿಯಬೇಕಾದದ್ದು ಎಂಟು ಮೀಟರಿನ ತೆರೆಯಲ್ಲಿ. ದಿನದ ಕೂಲಿ ಚಿಕ್ಕದು, ಹೊತ್ತುಕೊಳ್ಳಬೇಕಾದ ಅಪಾಯ ದೊಡ್ಡದು. ಈ ಮಾತು ಈ ಸಭೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ತೊಡಕಿದೆ. ತೆರೆ ಬಹು ನಿಧಾನ; ನಿಮಿಷಕ್ಕೆ ಆರೇಳು, ಹೆಚ್ಚೆಂದರೆ ಹತ್ತು ಹನ್ನೆರಡು. ಡೈನಮೊ ತಿರುಗಬೇಕಾದದ್ದು ನಿಮಿಷಕ್ಕೆ ನೂರಾರು, ಸಾವಿರಾರು ಸುತ್ತು. ತೆರೆಯ ದೂಡು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ. ಒಂದು ತೆರೆಯಂತೆ ಇನ್ನೊಂದಿಲ್ಲ. ಇದನ್ನು ಒಂದೇ ಸಮನಾದ ತಿರುಗಾಟಕ್ಕೆ ತರಬೇಕು. ಇದಕ್ಕೆಂದೇ ಎಣ್ಣೆಯ ಪಂಪುಗಳನ್ನಿಟ್ಟರು. ತೆರೆ ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಒತ್ತಡದ ಪೀಪಾಯಿಯಲ್ಲಿ ಸೇರುತ್ತದೆ, ಅಲ್ಲಿಂದ ಸಮನಾಗಿ ಹರಿದು ಮೋಟಾರು ತಿರುಗಿಸುತ್ತದೆ, ಮೋಟಾರು ಡೈನಮೊ ತಿರುಗಿಸುತ್ತದೆ. ಇವೆಲ್ಲವೂ ಉಪ್ಪುನೀರಿನ ನಡುವೆ, ತುಕ್ಕಿನ ನಡುವೆ. ರಿಪೇರಿಗೆ ಫಿಟ್ಟರು ಸೈಕಲ್ ಏರಿ ಹೋಗುವಂತಿಲ್ಲ. ಸಮುದ್ರ ಶಾಂತವಾದ ದಿನ ನೋಡಿ ಹಡಗಿನಲ್ಲಿ ಹೋಗಬೇಕು.

ಹಾಗಾದರೆ ಯಾರೂ ಗೆಲ್ಲಲಿಲ್ಲವೇ? ಗೆದ್ದರು. ಜಪಾನಿನ ಯೋಶಿಯೊ ಮಸುದಾ ಎಂಬುವರು 1940ರ ದಶಕದಿಂದಲೇ ಈ ಕೆಲಸಕ್ಕೆ ಕೈ ಹಾಕಿದರು. ಹಡಗುಗಳಿಗೆ ದಾರಿ ತೋರಿಸಲೆಂದು ಲಂಗರು ಹಾಕಿ ತೇಲಿಬಿಟ್ಟ ಬುರುಡೆಗಳಿರುತ್ತವೆ, ಅವುಗಳ ತಲೆಯ ಮೇಲೆ ದೀಪ. ಆ ಬುರುಡೆಯೊಳಗೆ ನೀರು ಏರಿಳಿದು ಗಾಳಿಯನ್ನು ತಳ್ಳುವಂತೆ, ಆ ಗಾಳಿ ಒಂದು ಸಣ್ಣ ಚಕ್ರ ತಿರುಗಿಸಿ ದೀಪ ಹತ್ತಿಸುವಂತೆ ಮಾಡಿದರು. 1965ರಿಂದ ಜಪಾನಿನ ಕಡಲಲ್ಲಿ ಅಂಥ ದೀಪಗಳು ಬಳಕೆಗೆ ಬಂದವು. ಒಂದು ದೀಪಕ್ಕೆ ಸಾಕಾಗುವಷ್ಟೇ ಕರೆಂಟು. ಆದರೆ ನಡುನೀರಿಗೆ ಹೋಗಿ ಬ್ಯಾಟರಿ ಬದಲಿಸುವ ಖರ್ಚಿಗಿಂತ ಅದೇ ಅಗ್ಗ. ವ್ಯಾಪಾರಿ ಮಿತ್ರರು ಇದನ್ನು ಗಮನಿಸಬೇಕು: ಸರಕು ಎಲ್ಲಿ ದುಬಾರಿಯೋ ಅಲ್ಲಿ ಅಂಗಡಿ ತೆರೆದವನು ಉಳಿದ.

ದೊಡ್ಡ ಪ್ರಯತ್ನದ ಕಥೆ ಸ್ಕಾಟ್ಲೆಂಡಿನದು. 1973ರಲ್ಲಿ ಅರಬ್ ದೇಶಗಳು ಎಣ್ಣೆಯನ್ನು ಬಿಗಿ ಹಿಡಿದವು, ಬೆಲೆ ನಾಲ್ಕು ಪಟ್ಟಾಯಿತು. ಆಗ ಎಡಿನ್‌ಬರೊ ವಿಶ್ವವಿದ್ಯಾನಿಲಯದ ಸ್ಟೀಫನ್ ಸಾಲ್ಟರ್ ಎಂಬುವರು ಜ್ವರ ಬಂದು ಮಲಗಿದ್ದರಂತೆ. ಸುಮ್ಮನೆ ಮಲಗಿ ನರಳುವ ಬದಲು ಈ ಎಣ್ಣೆಯ ತಾಪತ್ರಯಕ್ಕೆ ಏನಾದರೂ ದಾರಿ ಹುಡುಕಿ ಎಂದು ಅವರ ಹೆಂಡತಿ ಹೇಳಿದರೆಂದು ಅವರೇ ಹೇಳುತ್ತಿದ್ದರು. ಎದ್ದವರು ಒಂದು ತೇಲುವ ಯಂತ್ರ ರೂಪಿಸಿದರು. ಅದರ ಮೂತಿ ಒಂದು ಕಡೆ ಚೂಪು, ಬೆನ್ನು ದುಂಡಗೆ. ತೆರೆ ಬಂದಾಗ ಬಾತುಕೋಳಿ ತಲೆಯಾಡಿಸಿದಂತೆ ಆಡುತ್ತದೆ. ಅದಕ್ಕೆ ಬಾತುಕೋಳಿ ಎಂದೇ ಹೆಸರಾಯಿತು. 1974ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಪರೀಕ್ಷೆಯ ತೊಟ್ಟಿಯಲ್ಲಿ ಅದು ತೆರೆಯ ಶಕ್ತಿಯ ಬಹುಪಾಲನ್ನು ನುಂಗಿ, ಹಿಂದುಗಡೆಯ ನೀರನ್ನು ಶಾಂತವಾಗಿಸುತ್ತಿತ್ತು.

ಬ್ರಿಟಿಷ್ ಸರ್ಕಾರ ಹಣ ಕೊಟ್ಟಿತು. ಆದರೆ ಏನು ಕೇಳಿತು ಗೊತ್ತೇ? 2000 ಮೆಗಾವ್ಯಾಟಿನ ಮಹಾ ವಿದ್ಯುದಾಗಾರಕ್ಕೆ ನಕ್ಷೆ ಮತ್ತು ಖರ್ಚಿನ ಲೆಕ್ಕ ಕೊಡಿ ಎಂದಿತು. ಒಂದು ಪೂರ್ಣ ಗಾತ್ರದ ಬಾತುಕೋಳಿಯೂ ಇನ್ನೂ ಸಮುದ್ರ ಕಂಡಿರಲಿಲ್ಲ. ಹತ್ತರಲ್ಲೊಂದು ಗಾತ್ರದವು ಲಾಕ್ ನೆಸ್ ಎಂಬ ಸರೋವರದಲ್ಲಿ ತೇಲಿದ್ದೇ ದೊಡ್ಡದು. ಅಂಬೆಗಾಲಿಡುವ ಮಗುವನ್ನು ನೇಗಿಲು ಹಿಡಿ ಎಂದಂತಾಯಿತು. ಕಾಗದದ ಮೇಲಿನ ನೇಗಿಲಿಗೆ ಕಾಗದದ ಮೇಲೆಯೇ ಬೆಲೆ ಕಟ್ಟಿದರು. ಆ ಬೆಲೆ ಕಟ್ಟಿದ ಕಚೇರಿ ಇದ್ದದ್ದು ಹಾರ್‌ವೆಲ್ ಎಂಬಲ್ಲಿ, ಅಣುಶಕ್ತಿ ಪ್ರಾಧಿಕಾರದ ಅಂಗಳದಲ್ಲಿ. ದುಬಾರಿ ಎಂದು ತೀರ್ಮಾನವಾಗಿ 1982ರಲ್ಲಿ ಕಾರ್ಯಕ್ರಮವನ್ನು ಮಡಿಸಿಟ್ಟರು. ಲೆಕ್ಕ ಸರಿಯಿಲ್ಲವೆಂದು ಸಾಲ್ಟರ್ ವರ್ಷಗಟ್ಟಲೆ ವಾದಿಸಿದರು. 2024ರಲ್ಲಿ ಅವರು ತೀರಿಕೊಂಡರು. ಅವರ ಬಾತುಕೋಳಿ ಪೂರ್ಣ ಗಾತ್ರದಲ್ಲಿ ಕಡಲಿಗೆ ಇಳಿಯಲೇ ಇಲ್ಲ.

ಆದರೆ ಕಲಿಸಿದ್ದು ಹಾಳಾಗಲಿಲ್ಲ. ಅವರ ಬಳಗದಲ್ಲಿ ಪಳಗಿದ ರಿಚರ್ಡ್ ಯೆಮ್ ಎಂಬುವರು 1998ರಲ್ಲಿ ಒಂದು ಕಂಪನಿ ಕಟ್ಟಿ ಪೆಲಾಮಿಸ್ ಎಂಬ ಯಂತ್ರ ಮಾಡಿದರು. ಪೆಲಾಮಿಸ್ ಎಂದರೆ ಒಂದು ಜಾತಿಯ ಕಡಲಹಾವು. 120 ಮೀಟರ್ ಉದ್ದ, ಮೂರೂವರೆ ಮೀಟರ್ ದಪ್ಪ. ನಾಲ್ಕು ಉಕ್ಕಿನ ಕೊಳವೆಗಳನ್ನು ಕೀಲು ಹಾಕಿ ಜೋಡಿಸಿದ ಹಾವು. ಮೂತಿಗೆ ಲಂಗರು. ತೆರೆ ಕೆಳಗೆ ಹಾಯ್ದಂತೆ ಕೀಲುಗಳು ಬಾಗುತ್ತವೆ. ಆ ಬಾಗುವಿಕೆಯೇ ಎಣ್ಣೆಯ ಪಂಪನ್ನು ಒತ್ತುತ್ತದೆ. ದೊಡ್ಡ ತೆರೆ ಬಂದರೆ ಎದೆಯೊಡ್ಡಿ ನಿಲ್ಲದೆ, ಈಜುಗಾರನಂತೆ ಮೂತಿಯಿಂದ ಸೀಳಿಕೊಂಡು ಒಳಹೋಗುತ್ತದೆ. 2004ರಲ್ಲಿ ಆರ್ಕ್ನಿ ದ್ವೀಪಗಳ ಬಳಿ, ಸಾರ್ವಜನಿಕ ಹಣದಿಂದ ಕಟ್ಟಿದ ಪರೀಕ್ಷಾ ಕೇಂದ್ರದಲ್ಲಿ, ಅದು ದೇಶದ ವಿದ್ಯುಜ್ಜಾಲಕ್ಕೆ ಕರೆಂಟು ಕೊಟ್ಟಿತು. ತೆರೆದ ಕಡಲಿನಲ್ಲಿ ತೇಲುವ ಯಂತ್ರವೊಂದು ಹಾಗೆ ಕೊಟ್ಟದ್ದು ಅದೇ ಮೊದಲು.

2008ರ ಸೆಪ್ಟೆಂಬರಿನಲ್ಲಿ ಪೋರ್ಚುಗಲ್ಲಿನ ಅಗುಸದೌರಾ ಎಂಬಲ್ಲಿ ಇಂಥ ಮೂರು ಹಾವುಗಳನ್ನು ವಿಜೃಂಭಣೆಯಿಂದ ನೀರಿಗಿಳಿಸಿದರು. ಎರಡು ತಿಂಗಳಲ್ಲಿ ಬಂದರಿಗೆ ಎಳೆದು ತಂದರು. ಕೀಲುಗಳ ಬೇರಿಂಗಿನಲ್ಲಿ ತೊಂದರೆ. ಬೇರಿಂಗು ಹೋದರೆ ಬದಲಿಸಬಹುದು. ನಮ್ಮ ಗಿರಣಿಯಲ್ಲಿ ಅದಕ್ಕಾಗಿ ಯಾರೂ ಮಗ್ಗವನ್ನು ಗುಜರಿಗೆ ಹಾಕುವುದಿಲ್ಲ. ಆದರೆ ಅದೇ ಹೊತ್ತಿಗೆ ಲೋಕದ ಹಣದ ಪೇಟೆ ಕುಸಿಯಿತು. ಯೋಜನೆಯಲ್ಲಿ ಹೆಚ್ಚಿನ ಪಾಲಿದ್ದ ಆಸ್ಟ್ರೇಲಿಯದ ಹಣಕಾಸು ಕಂಪನಿ ಮುಳುಗಿತು. ಹಾವುಗಳು ಬಂದರಿನಲ್ಲೇ ಉಳಿದವು. ಪೆಲಾಮಿಸ್‌ನವರು ತಪ್ಪು ತಿದ್ದಿಕೊಂಡು 180 ಮೀಟರಿನ ಹೊಸ ಹಾವು ಮಾಡಿ ಆರ್ಕ್ನಿಯಲ್ಲಿ ನಡೆಸಿದರು. ಆದರೂ 2014ರ ನವೆಂಬರಿನಲ್ಲಿ ಕೈಯಲ್ಲಿ ಹಣ ಮುಗಿದು ಕಂಪನಿ ಬಿದ್ದಿತು. ಹದಿನಾರು ವರ್ಷದ ಕೆಲಸಗಾರಿಕೆ ಚೆಲ್ಲಾಪಿಲ್ಲಿಯಾಗುವ ಹೊತ್ತು. ಆಗ ಸ್ಕಾಟ್ಲೆಂಡಿನ ಸರ್ಕಾರ ಒಂದು ಸಾರ್ವಜನಿಕ ಸಂಸ್ಥೆ ಮಾಡಿ, ಆ ಯಂತ್ರದ ನಕ್ಷೆ ಮತ್ತು ತಿಳಿವಳಿಕೆಯನ್ನು ಕೊಂಡು ಉಳಿಸಿಕೊಂಡಿತು.

ಗಮನಿಸಿ ಬಂಧುಗಳೇ. ಮೊದಲು ಕೈಬಿಟ್ಟದ್ದು ಸರ್ಕಾರ, ಎರಡನೆಯ ಸಲ ಕೈಬಿಟ್ಟದ್ದು ಬಂಡವಾಳ. ಸರ್ಕಾರ ಮಾಡಿದರೆ ಎಲ್ಲ ಸರಿ ಎಂದು ನಾನು ಹೇಳಲಾರೆ. ಎರಡು ಕಡೆಯೂ ಯಂತ್ರವನ್ನು ಕೆಡವಿದ್ದು ತೆರೆ ಒಂದೇ ಅಲ್ಲ, ಅವಸರ. ಅದೇ ಅಗುಸದೌರಾದ ನೀರಿನಲ್ಲಿ 2023ರಲ್ಲಿ ಸ್ವೀಡನ್ನಿನ ಕಂಪನಿಯೊಂದು ಬೇರೊಂದು ಯಂತ್ರ ಇಳಿಸಿತು. ಒಂಬತ್ತು ಮೀಟರ್ ಅಗಲದ ದೊಡ್ಡ ಬುರುಡೆ. ಸಾಧಾರಣ ತೆರೆಯಲ್ಲಿ ತೆರೆಯ ತಾಳಕ್ಕೆ ತಾಳ ಹಾಕಿ ಕುಣಿಯುತ್ತದೆ. ಬಿರುಗಾಳಿಯಲ್ಲಿ ತಾಳ ತಪ್ಪಿಸಿಕೊಂಡು ತೆಪ್ಪಗಿರುತ್ತದೆ. ಆ ವರ್ಷದ ಬಿರುಗಾಳಿಯಲ್ಲಿ ಹದಿನೆಂಟೂವರೆ ಮೀಟರ್ ಎತ್ತರದ ತೆರೆಯನ್ನೂ ಅದು ತಾಳಿಕೊಂಡಿತು. ಐದಾರು ಅಂತಸ್ತಿನ ಮನೆಯಷ್ಟು ಎತ್ತರ! ಹಳೆಯ ಹಾವು ಸೋತ ನೀರಿನಲ್ಲಿ ಹೊಸ ಬುರುಡೆ ನಿಂತಿತು. ಸೋಲನ್ನು ಬರೆದಿಟ್ಟುಕೊಂಡವರಿಗೆ ಮುಂದಿನ ಪಾಠ ಸಿಕ್ಕುತ್ತದೆ.

ಇನ್ನು ನಮ್ಮ ದೇಶ. ಕೇರಳದ ವಿಳಿಂಜಂನಲ್ಲಿ 1991ರಲ್ಲೇ ಮದರಾಸಿನ ಐಐಟಿಯವರು 150 ಕಿಲೋವ್ಯಾಟಿನ ತೆರೆ ವಿದ್ಯುದಾಗಾರ ಕಟ್ಟಿದರು. ಅದು ತೇಲುವುದಲ್ಲ, ನೆಲಕ್ಕೆ ಕೂರಿಸಿದ ಕಾಂಕ್ರೀಟಿನ ಕೋಣೆ. ಅದರೊಳಗೆ ನೀರು ಏರಿಳಿದು ಗಾಳಿಯನ್ನು ದಬ್ಬುತ್ತದೆ. ಗಾಳಿ ಒಳಹೋದರೂ ಹೊರಬಂದರೂ ಒಂದೇ ಕಡೆಗೆ ತಿರುಗುವ ಚಕ್ರ. ಮುಂದೆ ಅದರಿಂದ ಉಪ್ಪುನೀರನ್ನು ಸಿಹಿ ಮಾಡುವ ಪ್ರಯೋಗವನ್ನೂ ಮಾಡಿದರು. ಈಗ ಅದು ನಿಂತುಹೋಗಿದೆ. 2022ರ ನವೆಂಬರಿನಲ್ಲಿ ಅದೇ ಐಐಟಿಯವರು ತೂತ್ತುಕುಡಿ ದಡದಿಂದ ಆರು ಕಿಲೋಮೀಟರ್ ಆಚೆ ಸಿಂಧುಜಾ-1 ಎಂಬ ತೇಲುವ ಯಂತ್ರ ಇಳಿಸಿ ಪರೀಕ್ಷೆ ಮಾಡಿದರು. ಸಣ್ಣ ಯಂತ್ರ. ಆದರೆ ಸಣ್ಣದರಿಂದ ಆರಂಭಿಸಿದ್ದು ಸರಿಯಾದ ಹೆಜ್ಜೆ.

ನಮ್ಮ ಕಾರವಾರ, ಮಲ್ಪೆ, ಮಂಗಳೂರಿನ ಕಡಲ ಲೆಕ್ಕವನ್ನೂ ಪ್ರಾಮಾಣಿಕವಾಗಿ ನೋಡಬೇಕು. ಸ್ಕಾಟ್ಲೆಂಡಿನ ಪಶ್ಚಿಮದ ಕಡಲಿನಷ್ಟು ಶಕ್ತಿ ನಮ್ಮ ದಡಕ್ಕಿಲ್ಲ. ಇರುವುದರಲ್ಲಿಯೂ ಹೆಚ್ಚಿನ ಪಾಲು ಮಳೆಗಾಲದ ನಾಲ್ಕು ತಿಂಗಳಿನದು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೆಲ್ಲ ದಡದಲ್ಲಿ ಕಟ್ಟಿರುತ್ತವೆ, ಆಗಲೇ ಕಡಲು ಅಬ್ಬರಿಸುತ್ತದೆ. ಬೇಸಿಗೆಯಲ್ಲಿ ನಮ್ಮ ಫ್ಯಾನಿಗೆ ಪಂಪಿಗೆ ಕರೆಂಟು ಬೇಕಾದಾಗ ಕಡಲು ಮಲಗಿರುತ್ತದೆ. ಎತ್ತರ ಕಾಲು ಪಾಲಾದರೆ ಶಕ್ತಿ ಹದಿನಾರನೆಯ ಒಂದು ಪಾಲೆಂಬುದನ್ನು ಮರೆಯಬೇಡಿ. ಆದುದರಿಂದ ನಾಳೆಯೇ ಕರಾವಳಿಯಿಂದ ರಾಜ್ಯವೆಲ್ಲಕ್ಕೂ ಬೆಳಕು ಎಂದು ಯಾರಾದರೂ ಹೇಳಿದರೆ ಕೈ ಜೇಬಿನ ಮೇಲಿರಲಿ. ದೀಪದ ಬುರುಡೆಗೆ, ದೂರದ ದ್ವೀಪಕ್ಕೆ, ನಡುಕಡಲಿನ ಅಳತೆಯ ಯಂತ್ರಗಳಿಗೆ ಇದು ಮೊದಲು ಹೊಂದುತ್ತದೆ. ಅಲ್ಲಿಂದ ಕಲಿತು ಮುಂದೆ ಹೋಗಬೇಕು.

ಹಾಗೆ ಹೋಗುವಾಗ ನಾವು ಮೂರು ಮಾತು ಕೇಳುವ ಹಕ್ಕುಳ್ಳವರು. ಒಂದು, ದೊಡ್ಡ ನಕ್ಷೆಗೆ ಮುಂಚೆ ಸಣ್ಣ ಯಂತ್ರ ನೀರಿಗಿಳಿಯಲಿ. ಅದು ಕೆಟ್ಟರೆ ರಿಪೇರಿಗೆಂದು ಹಣ ಮೊದಲೇ ತೆಗೆದಿಟ್ಟಿರಲಿ. ಎರಡು, ಸಾರ್ವಜನಿಕರ ಹಣದಿಂದ ಕಲಿತದ್ದು, ಗೆಲುವಾಗಲಿ ಸೋಲಾಗಲಿ, ಸಾರ್ವಜನಿಕರ ಕಡತದಲ್ಲಿ ಉಳಿಯಲಿ. ಕಂಪನಿ ಮುಳುಗಿದರೆ ಅದರೊಡನೆ ಮುಳುಗದಿರಲಿ. ಮೂರು, ಯಂತ್ರ ಲಂಗರು ಹಾಕುವ ನೀರಿನಲ್ಲಿ ಬಲೆ ಬೀಸುವವರನ್ನು ಮೊದಲು ಕೇಳಲಿ. ತೆರೆ ಯಾವ ತಿಂಗಳು ಹೇಗೆ ತಿರುಗುತ್ತದೆಂಬುದು ಯಾವ ಕಚೇರಿಗಿಂತಲೂ ಮೊಗವೀರರಿಗೆ ಹೆಚ್ಚು ಗೊತ್ತು.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಒಬ್ಬ ಹುಡುಗನಿಗೆ ಭಾಗಾಕಾರ ಬರುತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ಅವನ ತಂದೆ, ಗಿರಣಿಯ ಫಿಟ್ಟರು, ಬಂದು ಕೇಳಿದರು: "ಬಿಡಿಸಿಬಿಡಲೇ ಮೇಷ್ಟ್ರೇ?" ನಾನು ಕೇಳಿದೆ: "ನಿಮ್ಮ ಹೊಸ ಮಗ್ಗ ಮೊದಲ ತಿಂಗಳೇ ಪೂರಾ ಬಟ್ಟೆ ಕೊಟ್ಟಿತೇ?" ಅವರು ನಕ್ಕು ಹುಡುಗನನ್ನು ಬಿಟ್ಟು ಹೋದರು. ಆ ವರ್ಷವೇ ಅವನು ಪಾಸಾದ.

ಅಂಗಡಿಯ ಮಿತ್ರರೇ, ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟು. ತೆರೆ ಪುಕ್ಕಟೆಯೇ. ಬಿಲ್ಲು ಬರುವುದು ಉಕ್ಕಿಗೆ, ಕೀಲಿಗೆ, ಹಡಗಿಗೆ. ಎಲ್ಲಕ್ಕಿಂತ ಹೆಚ್ಚಾಗಿ, ಕಲಿಯಲು ಹಿಡಿಯುವ ವರ್ಷಗಳಿಗೆ. ಆ ವರ್ಷಗಳ ಬಾಬ್ತು ಯಾರ ಖಾತೆಯಲ್ಲಿ ಬರೆಯಬೇಕು, ಅದರ ಫಲ ಯಾರ ಖಾತೆಗೆ ಜಮಾ ಆಗಬೇಕು ಎಂಬುದನ್ನು ಮಾತ್ರ ಎಂಜಿನಿಯರುಗಳು ತೀರ್ಮಾನಿಸಲಾರರು. ಅದು ನಮ್ಮ ನಿಮ್ಮ ಕೆಲಸ.