ಚಡ್ಡಿಗೂ ಇಸ್ತ್ರಿ

ಅಂಗಿಗೆ ಇಸ್ತ್ರಿ ಹಾಕುವುದನ್ನು ನೋಡಿದ್ದೀರಿ. ಸೀರೆಗೆ, ಶಾಲೆಯ ಯೂನಿಫಾರಮ್ಮಿಗೂ ನೋಡಿದ್ದೀರಿ. ಆದರೆ ಚಡ್ಡಿಗೆ? ಕಾಲುಚೀಲಕ್ಕೆ? ಮೈ ಒರೆಸುವ ಟವಲಿಗೆ, ಪಾಪುವಿನ ಲಂಗೋಟಿಗೆ?

ಆಫ್ರಿಕಾದ ಮಲಾವಿ ದೇಶದಲ್ಲಿ ನಾವಿದ್ದ ಹಳ್ಳಿಯಲ್ಲಿ ಇದು ದಿನದ ಕೆಲಸ. ಕರೆಂಟಿಲ್ಲ, ಹಾಗಾಗಿ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ. ನಮ್ಮೂರಿನ ಬೀದಿಯಲ್ಲಿ ಇಸ್ತ್ರಿ ಗಾಡಿಯವರ ಹತ್ತಿರ ಇರುತ್ತದಲ್ಲ, ಅದೇ ಜಾತಿಯದು. ಮುಚ್ಚಳ ತೆಗೆದು ಕೆಂಡ ತುಂಬಬೇಕು. ಪಕ್ಕದಲ್ಲಿರುವ ತೂತುಗಳಿಂದ ಗಾಳಿ ಒಳಗೆ ಹೋದರೆ ಮಾತ್ರ ಕೆಂಡ ಬದುಕಿರುತ್ತದೆ. ಅದಕ್ಕೇ ನಡುನಡುವೆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಬೀಸುವುದು. ಈ ಕೆಲಸವೆಲ್ಲ ಜಗಲಿಯ ಮೇಲೇ ನಡೆಯಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಪ್ರಾಣಕ್ಕೇ ಅಪಾಯ.

ಇಷ್ಟೆಲ್ಲ ಕಷ್ಟ ಯಾಕೆ? ಚಡ್ಡಿ ಸುಕ್ಕಾಗಿದ್ದರೆ ಯಾರು ನೋಡುತ್ತಾರೆ?

ಸುಕ್ಕಿಗಾಗಿ ಅಲ್ಲ ಮಕ್ಕಳೇ, ಒಂದು ನೊಣಕ್ಕಾಗಿ. ಪುಟ್ಸಿ ನೊಣ ಅಂತ ಅದರ ಹೆಸರು. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾ ಅದರ ತವರು. ಕರ್ನಾಟಕದಲ್ಲಿ ಅದು ಇಲ್ಲ. ಮನೆಯ ನೊಣಕ್ಕಿಂತ ಸ್ವಲ್ಪ ದೊಡ್ಡದು, ಹಳದಿ ಮಿಶ್ರಿತ ಕಂದು ಬಣ್ಣ. ಕಚ್ಚುವುದಿಲ್ಲ, ಕುಟುಕುವುದಿಲ್ಲ. ಕೊಳೆತ ಹಣ್ಣಿನ ರಸ ಹೀರಿಕೊಂಡು ತನ್ನ ಪಾಡಿಗೆ ತಾನಿರುತ್ತದೆ. ತಂಟೆಯೆಲ್ಲ ಅದರ ಮರಿಗಳದ್ದು.

ಈ ನೊಣಮ್ಮನಿಗೆ ಸುಡುಬಿಸಿಲು ಆಗದು. ಬೆಳಗಿನ ಹೊತ್ತು, ಸಂಜೆಯ ಹೊತ್ತು ಹೊರಬಂದು ಮೊಟ್ಟೆಯಿಡಲು ನೆರಳಿನ ಮರಳು ಹುಡುಕುತ್ತದೆ. ಅದೂ ಉಚ್ಚೆಯ ವಾಸನೆ ಇರುವ ಮರಳೇ ಆಗಬೇಕು. ಛೀ ಅನ್ನಬೇಡಿ, ಅದರಲ್ಲಿ ಜಾಣತನವಿದೆ. ಉಚ್ಚೆಯ ವಾಸನೆ ಇದೆ ಅಂದರೆ ಅಲ್ಲಿಗೆ ನಾಯಿಯೋ ಇಲಿಯೋ ಬಂದು ಮಲಗುತ್ತದೆ ಅಂತ ತಾನೆ? ಮರಿಗಳಿಗೆ ಬೇಕಾದದ್ದೂ ಅಂಥದೇ ಒಂದು ಬಿಸಿ ಮೈ. ಒಂದು ಸಲಕ್ಕೆ 100ರಿಂದ 300 ಮೊಟ್ಟೆ ಇಡುತ್ತದೆ. ಒಂದೊಂದೂ ಒಂದು ಮಿಲಿಮೀಟರಿಗಿಂತ ಚಿಕ್ಕದು.

ಈಗ ಯೋಚಿಸಿ. ಮಾವಿನ ಮರದ ನೆರಳಲ್ಲಿ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವಿದ್ದೀರಿ. ನೆರಳಿದೆ, ತೇವ ಇದೆ. ಪಾಪುವಿನ ಲಂಗೋಟಿಯನ್ನು ಎಷ್ಟು ತಿಕ್ಕಿ ಒಗೆದರೂ ನಮ್ಮ ಮೂಗಿಗೆ ಸಿಗದ ವಾಸನೆ ನೊಣದ ಮೂತಿಯ ಮೇಲಿನ ಮೀಸೆಗಳಿಗೆ ಸಿಗುತ್ತದೆ. ಬಟ್ಟೆ ಎಂಬುದೊಂದಿದೆ ಎಂದು ಅದಕ್ಕೇನು ಗೊತ್ತು! ಒಳ್ಳೆಯ ಜಾಗ ಸಿಕ್ಕಿತೆಂದು ಹೊಲಿಗೆಯ ಸಂದಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ನನ್ನ ಪ್ರಕಾರ ಅದನ್ನು ಕೆಟ್ಟ ನೊಣ ಅನ್ನುವುದು ಸರಿಯಲ್ಲ. 

ಮುಂದಿನ ಕಥೆ ಮರಿಗಳದ್ದು. ಒಂದರಿಂದ ಮೂರು ದಿನದಲ್ಲಿ ಮೊಟ್ಟೆಯೊಡೆದು ಮರಿಹುಳು ಬರುತ್ತದೆ. ಬಂದದ್ದೇ ಓಡಾಡುವುದಿಲ್ಲ, ಕಾಯುತ್ತ ಕೂರುತ್ತದೆ. ಊಟವಿಲ್ಲದೆ ಒಂದು ವಾರಕ್ಕೂ ಹೆಚ್ಚು ಕಾಲ ತಡೆಯಬಲ್ಲದು. ಹತ್ತಿರದಲ್ಲಿ ಬಿಸಿ ತಾಗಿತೋ, ಅಲುಗಾಟ ತಿಳಿಯಿತೋ, ಮೈಯ ಮುಂಭಾಗ ಎತ್ತಿ ಅತ್ತಿತ್ತ ಆಡಿಸುತ್ತ ಚರ್ಮವನ್ನು ಹುಡುಕುತ್ತದೆ. ನೀವು ಆ ಬನಿಯನ್ ಹಾಕಿಕೊಂಡಿರಿ ಅಂದರೆ ಅದಕ್ಕೆ ಬೇಕಾದದ್ದು ಸಿಕ್ಕಿತು. ನೋವಿಲ್ಲದೆ ಒಳಗೆ ಇಳಿದುಬಿಡುತ್ತದೆ. ಒಂದೆರಡು ದಿನ ಕಳೆದ ಮೇಲೆ ಬೆನ್ನಿನ ಮೇಲೋ ತೊಡೆಯ ಮೇಲೋ ಕುರು ಎದ್ದಂತೆ ಕಾಣುತ್ತದೆ.

ನನ್ನ ಚಿಕ್ಕ ಮಗಳ ಸೊಂಟದ ಹತ್ತಿರ ಹೀಗೊಂದು ಎದ್ದಿತ್ತು. ಭೂತಗನ್ನಡಿ ಹಿಡಿದು ನೋಡಿದೆವು. ಕೆಂಪಗೆ ಊದಿದ ಜಾಗದ ನಡುವೆ ಸಣ್ಣ ತೂತು, ತೂತಿನಲ್ಲಿ ಎರಡು ಕಪ್ಪು ಚುಕ್ಕೆ. ಅವಳ ಅಣ್ಣ “ಕಣ್ಣು ಕಣ್ಣು!” ಎಂದು ಕೂಗಿದ. ಕಣ್ಣಲ್ಲ, ಅದು ಹುಳುವಿನ ಬಾಲದ ತುದಿ! ತಿನ್ನುವುದಕ್ಕೆ ಅದು ತಲೆಯನ್ನು ಕೆಳಗೆ ಮಾಡಿಕೊಂಡಿರುತ್ತದೆ. ಗಾಳಿ ಇರುವುದು ಮೇಲೆ. ಹಾಗಾಗಿ ಉಸಿರಾಡುವ ತೂತುಗಳು ಹಿಂಭಾಗದಲ್ಲಿವೆ. ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಪಕ್ಕದ ಮನೆಯ ಅಗೋಗೊ (ಅಲ್ಲಿ ಅಜ್ಜಿಯರನ್ನು ಹಾಗೆ ಕರೆಯುತ್ತಾರೆ) ಬಂದು ನೋಡಿ, ಹಿಸುಕಬೇಡಿ ಅಂದರು. ಹುಳುವಿನ ಮೈತುಂಬ ಸಣ್ಣ ಮುಳ್ಳುಗಳಿವೆ, ಎಳೆದಷ್ಟೂ ಬಿಗಿಯಾಗಿ ಕೂರುತ್ತದೆ. ಒಳಗೇ ಒಡೆದುಹೋದರೆ ಗಾಯ ಇನ್ನೂ ಊದಿಕೊಳ್ಳುತ್ತದೆ. ತೂತಿನ ಮೇಲೆ ದಪ್ಪಗೆ ವ್ಯಾಸಲೀನ್ ಹಚ್ಚಿ ಸುಮ್ಮನೆ ಕೂರಿಸಿದರು. ಉಸಿರಿನ ದಾರಿ ಮುಚ್ಚಿತಲ್ಲ, ಹುಳು ಗಾಳಿಗಾಗಿ ತಾನೇ ಮೇಲೆ ಬರತೊಡಗಿತು. ಆಮೇಲೆ ಎರಡೂ ಕಡೆಯಿಂದ ಮೆಲ್ಲಗೆ ಒತ್ತಿದರೆ ಸಾಕಾಯಿತು. ಬಿಳಿಯ ಪುಟ್ಟ ಹುಳು ಹೊರಗೆ ಬಂತು. ಇದು ದೊಡ್ಡವರು ಮಾಡುವ ಕೆಲಸ, ನೀವು ಕೈಹಾಕಬಾರದು. ಹಾಗೇ ಬಿಟ್ಟಿದ್ದರೆ ಬೆಳೆದು ದೊಡ್ಡದಾಗಿ ತಾನಾಗಿಯೇ ಕೆಳಗೆ ಬಿದ್ದು ಮಣ್ಣಿನೊಳಗೆ ಕೋಶ ಕಟ್ಟಿ, ನೊಣವಾಗಿ ಹಾರಿಹೋಗುತ್ತಿತ್ತು.

ಅಣ್ಣನ ಪ್ರಶ್ನೆ ಬಂತು: “ಬಿಸಿನೀರಲ್ಲಿ ಒಗೆದರೆ ಆಗಲ್ವಾ ಅಮ್ಮಾ?” ಒಳ್ಳೆಯ ಪ್ರಶ್ನೆ. ಆದರೆ ನೊಣ ಬರುವುದು ಒಗೆದು ಹಾಕಿದ ಮೇಲೆ. ಹಾಗಾಗಿ ಬಿಸಿ ಕೊಡಬೇಕಾದದ್ದು ಬಟ್ಟೆ ಒಣಗಿದ ಮೇಲೆಯೇ. ಕೋಳಿಮೊಟ್ಟೆಯ ಬಿಳಿ ಭಾಗ 60 ಡಿಗ್ರಿ ದಾಟುತ್ತಿದ್ದ ಹಾಗೆ ಗಟ್ಟಿಯಾಗತೊಡಗುತ್ತದಲ್ಲ, ನೊಣದ ಮೊಟ್ಟೆಯೊಳಗಿನ ಪ್ರೋಟೀನಿಗೂ ಅದೇ ಗತಿ. ಕಾದ ಇಸ್ತ್ರಿ ಪೆಟ್ಟಿಗೆಯ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ಸ್ವಲ್ಪ ನೀರು ಚಿಮುಕಿಸಿದರೆ ಆವಿ ಹೊಲಿಗೆಯ ಒಳಗೂ ನುಗ್ಗುತ್ತದೆ. ಎಲಾಸ್ಟಿಕ್ ಪಟ್ಟಿ, ಜೇಬಿನ ಮೂಲೆ, ಕಾಲರಿನ ಕೆಳಗೆ, ಇಲ್ಲೆಲ್ಲ ಎರಡು ಸಲ ಒತ್ತಬೇಕು. ನೈಲಾನ್ ಬಟ್ಟೆ ಕರಗುತ್ತದೆ, ಅದನ್ನು ಸೊಳ್ಳೆಜಾಲರಿ ಹಾಕಿದ ಕಿಟಕಿಯ ಕೋಣೆಯೊಳಗೇ ಒಣಗಿಸುತ್ತಿದ್ದೆವು.

ಕೆಂಡ ಕಡಿಮೆಯಿದ್ದು ಎಲ್ಲಕ್ಕೂ ಇಸ್ತ್ರಿ ಆಗದ ದಿನ ಯಾವುದನ್ನು ಬಿಡುವುದು? ಹಗಲಲ್ಲಿ ಮೇಲೆ ಹಾಕುವ ಫ್ರಾಕು ಬಿಟ್ಟರೂ ಬಿಡಬಹುದು ಅಂತ ಮಗಳು ಹೇಳುತ್ತಿದ್ದಳು. ಹಾಸಿಗೆಯ ಮೇಲಿನ ಚಾದರ ಮಾತ್ರ ಬಿಡುವ ಹಾಗಿಲ್ಲ. ರಾತ್ರಿಯಿಡೀ ಬೆಚ್ಚಗಿನ ಮೈ ಅದಕ್ಕೇ ಅಂಟಿಕೊಂಡಿರುತ್ತದೆ ನೋಡಿ.